ಜೊತೆಗೆ ಬಂದವರು



ನವೆಂಬರ್ ಬಂತೆಂದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಕೃಷಿ ಮೇಳ. ಟ್ರ್ಯಾಕ್ಟರು, ಬೀಜ, ಹನಿ ನೀರಾವರಿ ನೋಡುವವರು ನೋಡಲಿ, ನನ್ನ ಕಾಲು ಎಳೆಯುವುದು ಕೋಳಿಗಳ ಕಡೆಗೇ. ನಮ್ಮ ಯಜಮಾನರಿಗೆ ಅದು ಆಗಿಬರುವುದಿಲ್ಲ. ಧೂಳು, ವಾಸನೆ, ನೂಕುನುಗ್ಗಲು. "ಮನೇಲಿರೋ ಕೋಳಿ ಸಾಲದೇನೇ?" ಅಂತಾರೆ. ಆದರೂ ಬರುತ್ತಾರೆ.

ಗಿರಿರಾಜನ ಮುಂದೆ ನಿಂತರೆ ನನಗೆ ಹೊತ್ತು ಹೋದದ್ದೇ ತಿಳಿಯದು. ನಮ್ಮ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ತಳಿ ಅದು. ಹಿತ್ತಲಲ್ಲೇ ಮೇಯ್ದುಕೊಂಡು ನಾಟಿ ಕೋಳಿಗಿಂತ ಬೇಗ ಮೈತುಂಬಿಕೊಳ್ಳುತ್ತದೆ, ವರ್ಷಕ್ಕೆ 100ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. 2005ರಲ್ಲಿ ಅಲ್ಲಿಂದಲೇ ಬಂದ ಸ್ವರ್ಣಧಾರಾ ಮೊಟ್ಟೆಯಲ್ಲಿ ಅದಕ್ಕಿಂತ ಮುಂದು. ಪಕ್ಕದ ಪಂಜರದಲ್ಲಿ ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್. ಜುಟ್ಟು, ಕೊಕ್ಕು, ನಾಲಿಗೆ, ಮಾಂಸ ಎಲ್ಲವೂ ಕಪ್ಪು. ಆ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯೂ ಸಿಕ್ಕಿದೆ. ಮೊಟ್ಟೆ ಮಾತ್ರ ತಿಳಿ ಕಂದು.

ಮರಿ ಕೊಳ್ಳುವಾಗ ನೋಡುವ ಕ್ರಮವೊಂದಿದೆ. ಅಂಗೈಯಲ್ಲಿ ಎತ್ತಿಕೊಂಡರೆ ಕಾಲು ಝಾಡಿಸಬೇಕು, ಕಣ್ಣು ಹೊಳೆಯುತ್ತಿರಬೇಕು, ಹೊಕ್ಕುಳು ಒಣಗಿರಬೇಕು, ಹಿಂಬದಿಗೆ ಹಿಕ್ಕೆ ಅಂಟಿರಬಾರದು. ವಾರ ದಾಟಿದ ಮರಿಯಾದರೆ ಕೊಕ್ಕರೆ ರೋಗದ ಲಸಿಕೆ ಹಾಕಿದ್ದಾರೆಯೇ ಎಂದು ಕೇಳಲೇಬೇಕು. ನಾನು ಒಂದೊಂದೇ ಮರಿಯನ್ನು ಹೀಗೆ ನೋಡುತ್ತ ಕೂತರೆ, ಯಜಮಾನರು ರಟ್ಟಿನ ಪೆಟ್ಟಿಗೆ ಹಿಡಿದು ನಿಂತಿರುತ್ತಾರೆ. ಗಾಳಿ ಆಡಲು ಕೊರೆದ ತೂತುಗಳಿಗೆ ಅಡ್ಡ ಬಾರದಂತೆ ಬೆರಳು ಬಿಡಿಸಿ ಹಿಡಿದಿರುತ್ತಾರೆ. ಹಾಗೆ ಹಿಡಿಯಿರಿ ಎಂದು ನಾನು ಹೇಳಿದ್ದಲ್ಲ. ಮನೆಗೆ ತಂದ ಮರಿಗಳನ್ನು ಎರಡು ವಾರವಾದರೂ ಹಳೆಯ ಕೋಳಿಗಳಿಂದ ದೂರ ಇಡಬೇಕಲ್ಲ, ಆ ಮೂಲೆಗೆ ಬೆಚ್ಚಗಿನ ಬಲ್ಬು ಕಟ್ಟಿಕೊಡುವವರೂ ಅವರೇ.

"ನೋಡ್ರೀ, ಎಷ್ಟು ಚೆನ್ನಾಗಿದೆ!" ಎಂದು ತೋರಿಸಿದಾಗ ಎದುರಿನ ಮುಖ ಅರಳದಿದ್ದರೆ ನಮಗೆ ಮುನಿಸು. ಇಬ್ಬರಿಗೂ ಒಂದೇ ಇಷ್ಟ ಇರಬೇಕೆಂಬ ಹಟ ಎಷ್ಟೋ ಮನೆಗಳಲ್ಲಿದೆ. ಜೊತೆಗೆ ಬಂದವರು ತಮ್ಮ ಭಾನುವಾರವನ್ನೇ ಕೊಟ್ಟಿದ್ದಾರೆ. ಅದರ ಮೇಲೆ ಉತ್ಸಾಹವನ್ನೂ ಕೊಡಿ ಎಂದು ಕೇಳುವುದು ನ್ಯಾಯವಲ್ಲ ಎಂದೇ ನನ್ನ ಭಾವನೆ. ಕರೆದುಕೊಂಡು ಹೋದವರಿಗೂ ಒಂದಿಷ್ಟು ಹೊಣೆ ಇದೆ. ಬಿಸಿಲೇರುವ ಮುಂಚೆ ಹೋಗಬೇಕು, ಕೋಳಿಯ ಗುಂಗಿನಲ್ಲಿ ಹೊತ್ತು ಮೀರಿಸದೆ ಮುದ್ದೆ ಊಟಕ್ಕೆ ಕೂರಿಸಬೇಕು, ಅವರಿಗೆ ಬೇಕಾದ ಮಳಿಗೆಗೂ ಹೋಗಿಬರಬೇಕು.

ಮೇಳ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಕೋಳಿಗಳಿಗೆ ಚಪ್ಪರ ಹಾಕಿಸುತ್ತೀರಿ. ಜೊತೆಗೆ ಬಂದವರಿಗೂ ಅದರ ಪಕ್ಕದ ನೆರಳಲ್ಲಿ ಒಂದೆರಡು ಬೆಂಚು ಹಾಕಿಸಿ. ಗಂಡನಾಗಲಿ, ಹೆಂಡತಿಯಾಗಲಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರಲಿ. ಕುಡಿಯುವ ನೀರೂ ಅಲ್ಲೇ ಸಿಗುವಂತಿದ್ದರೆ ಇನ್ನೂ ಒಳ್ಳೆಯದು.