ಎರಡನೆಯ ಮೆಟ್ಟಿಲು
(ಶತಮಾನೋತ್ಸವದ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರ ಭಾಷಣ)



ನೂರು ವರ್ಷಗಳ ಸಂಭ್ರಮದ ಈ ವೇದಿಕೆಯಲ್ಲಿ ದುಃಖದ ದಿನವೊಂದನ್ನು ನೆನೆಯುವುದಕ್ಕೆ ಕ್ಷಮೆಯಿರಲಿ. 2004ರ ಜುಲೈ 16ರಂದು ನಮ್ಮದೇ ರಾಜ್ಯದ ಕುಂಭಕೋಣಂನಲ್ಲಿ, ಶಾಲೆಯೊಂದರ ಅಡುಗೆಮನೆಯಿಂದ ಎದ್ದ ಬೆಂಕಿ ಗರಿಯ ಮಾಡಿಗೆ ತಗುಲಿ 94 ಮಕ್ಕಳು ಬಲಿಯಾದರು. ಆ ಒಲೆ ಉರಿಯುತ್ತಿದ್ದುದು ಮಕ್ಕಳ ಮಧ್ಯಾಹ್ನದ ಊಟಕ್ಕಾಗಿಯೇ. ಒಂದೇ ಕಟ್ಟಡದಲ್ಲಿ ಮೂರು ಶಾಲೆಗಳು. ಮಹಡಿಯಿಂದ ಇಳಿಯಲು ಇಕ್ಕಟ್ಟಾದ ಒಂದೇ ಮೆಟ್ಟಿಲು.

ಅನಂತರ ಸರಕಾರ ಎಚ್ಚೆತ್ತು ಶಾಲೆಗಳ ಗರಿಯ ಮಾಡುಗಳನ್ನು ತೆಗೆಸಿತು. ಈ ದುರಂತದ ಹಿನ್ನೆಲೆಯಲ್ಲಿ ಬಂದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2009ರ ಏಪ್ರಿಲ್ 13ರಂದು, ಸುರಕ್ಷಿತ ಶಾಲೆಯಲ್ಲಿ ಕಲಿಯುವುದು ಮಗುವಿನ ಮೂಲಭೂತ ಹಕ್ಕಿಗೆ ಸೇರಿದ್ದೆಂದು ತೀರ್ಪಿತ್ತಿತು. ಬೆಂಕಿ ನಂದಿಸುವ ಉಪಕರಣಗಳಿರಬೇಕು, ಶಿಕ್ಷಕರಿಗೆ ಅವುಗಳ ಬಳಕೆಯ ತರಬೇತಿಯಾಗಬೇಕು ಎಂದು ವಿಧಿಸಿತು. ಇಂದು ಶಾಲೆಯ ಮಾನ್ಯತೆಗೆ ಕಟ್ಟಡದ ದೃಢತೆಯ ಪತ್ರವೂ ಅಗ್ನಿಶಾಮಕ ಇಲಾಖೆಯ ಪತ್ರವೂ ಬೇಕು. ಅವುಗಳಿಗಾಗಿ ಅಲೆಯುವಾಗ ನಾವೂ ಗೊಣಗಿದ್ದುಂಟು.

ಪತ್ರಗಳೆಲ್ಲ ಕಡತದಲ್ಲಿ ಸರಿಯಾಗಿಯೇ ಇದ್ದವು. ಆದರೆ ಕಳೆದ ವರ್ಷ ಗಂಟೆ ಬಾರಿಸಿ ಅಣಕು ಕಾರ್ಯಾಚರಣೆ ನಡೆಸಿದಾಗ ಹಿಂಬಾಗಿಲಿಗೆ ಬೀಗ ಬಿದ್ದಿತ್ತು. ಬೀಗದ ಕೈ ರಜೆಯಲ್ಲಿದ್ದ ಜವಾನರ ಮನೆಯಲ್ಲಿತ್ತು. ದನಗಳು ಒಳನುಗ್ಗುತ್ತವೆಂದು ಬೀಗ ಹಾಕಿಸಿದವರು ನಾವೇ. ಮೆಟ್ಟಿಲ ಬುಡದಲ್ಲಿ ಮುರಿದ ಬೆಂಚುಗಳ ರಾಶಿ. ಯಾರೋ ಪುಣ್ಯಾತ್ಮರು ಕೊಟ್ಟದ್ದೆಂದು ಎಸೆಯಲು ಮನಸ್ಸಾಗಿರಲಿಲ್ಲ. ಒಂದನೆಯ ತರಗತಿಯ ಮಕ್ಕಳು, ಹೇಳಿಕೊಟ್ಟಂತೆ, ಮುಚ್ಚಿದ ಆ ಬಾಗಿಲ ಮುಂದೆ ಸಾಲಾಗಿ ನಿಂತು ನಮ್ಮ ಮುಖವನ್ನೇ ನೋಡುತ್ತಿದ್ದರು. ಅಂದು ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಬೆಂಚುಗಳು ಮರುದಿನವೇ ಹೋದವು. ಬೀಗದ ಬದಲು ಒಳಗಿನ ಚಿಲಕ ಬಂತು. ಉಳಿದಿರುವುದು ಮೆಟ್ಟಿಲು. ನಮ್ಮ ಮೇಲ್ಮಹಡಿಗೂ ಇರುವುದು ಒಂದೇ. ತಾಳವಾಡಿಯ ನಮಗೆ ದೊಡ್ಡ ಆಸ್ಪತ್ರೆಯೆಂದರೆ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯಬೇಕು, ಇಲ್ಲವೇ ಗಡಿ ದಾಟಿ ಚಾಮರಾಜನಗರಕ್ಕೆ ಓಡಬೇಕು ಎಂಬುದು ತಮಗೆ ತಿಳಿಯದ್ದಲ್ಲ.

ಶತಮಾನೋತ್ಸವದ ನೆನಪಿಗೆ ಮಹಾದ್ವಾರವೊಂದನ್ನು ಕಟ್ಟಿಸಬೇಕೆಂದು ಸಮಿತಿಯು ಬಯಸಿದೆ. ಹಳೆಯ ವಿದ್ಯಾರ್ಥಿಗಳ ಆ ಅಭಿಮಾನವನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೂ ಕೂಡಿದ ಹಣ ಮೊದಲು ಪೂರ್ವದ ಬದಿಯ ಎರಡನೆಯ ಮೆಟ್ಟಿಲಿಗೆ ಸಲ್ಲಲಿ. ಮಹಾದ್ವಾರ ಒಂದೆರಡು ವರ್ಷ ಕಾಯಲಿ. ದಾನಿಗಳ ಹೆಸರುಗಳನ್ನು ಮೆಟ್ಟಿಲ ಗೋಡೆಯ ಮೇಲೆಯೇ ಕೆತ್ತಿಸೋಣ. ಮಕ್ಕಳು ದಿನಕ್ಕೆ ನಾಲ್ಕು ಬಾರಿ ಓದುತ್ತಾರೆ. ಖರ್ಚಿನ ಅಂದಾಜು ಪಟ್ಟಿಯನ್ನು ಕಚೇರಿಯ ಮೇಜಿನ ಮೇಲಿಟ್ಟಿದ್ದೇವೆ. ಊಟಕ್ಕೆ ಏಳುವ ಮೊದಲು ದಯವಿಟ್ಟು ಒಮ್ಮೆ ನೋಡಿರಿ.