ಎದೆಗಿಂತ ಮೊದಲು ಕಾಗದಕ್ಕೆ

(ನೈರೋಬಿಯ ಕಸರಾನಿಯಲ್ಲಿ ಸೇರಿದ ಕನ್ನಡ ಕುಟುಂಬಗಳ ಸಮಾವೇಶದ ಅಧ್ಯಕ್ಷ ಭಾಷಣ)



ಇಂದಿನ ವಿಷಯ ಒಣಕಲು ಎಂದು ಕೆಲವರಿಗೆ ಅನಿಸಿರಬಹುದು. ಮಾಜಿ ಸೈನಿಕನ ಸೇವಾ ದಾಖಲೆಯಲ್ಲಿ ಬಿಟ್ಟುಹೋದ ಪದಕವನ್ನು ಸೇರಿಸುವುದು ಹೇಗೆ ಎಂದರೆ ಕಣ್ಣ ಮುಂದೆ ಬರುವುದು ಅರ್ಜಿ, ನಕಲು, ಮೊಹರು, ರಿಜಿಸ್ಟರ್ಡ್ ಪೋಸ್ಟು. ಆದರೆ ಕೊಡಗಿನ ಒಬ್ಬ ಪೈಲಟ್‌ನ ಸಾಹಸಕ್ಕೆ ಮನ್ನಣೆ ದೊರೆತದ್ದೇ ಇಂಥ ಒಂದು ತಿದ್ದುಪಡಿಯಿಂದ. ಅದನ್ನು ಹೇಳಿ ಮುಂದಕ್ಕೆ ಹೋಗುವುದು ಒಳ್ಳೆಯದು.

1965ರ ಸೆಪ್ಟೆಂಬರ್ 7. ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ಮುಂದಾಳು ವಿಂಗ್ ಕಮಾಂಡರ್ ಒ.ಪಿ. ತನೇಜಾ. ಯಾರದಾದರೂ ವಿಮಾನ ಕೈಕೊಟ್ಟರೆ ಇರಲಿ ಎಂದು ಮೀಸಲಿಟ್ಟಿದ್ದವರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಯುದ್ಧ ಶುರುವಾಗುವವರೆಗೆ ಎಳೆಯ ಪೈಲಟ್‌ಗಳಿಗೆ ಹಾರುವುದು ಕಲಿಸುತ್ತಿದ್ದ ಮೇಷ್ಟ್ರು ಅವರು. ಅಂದು ಅವರೂ ಹಾರಿದರು.

ಎದುರಾದದ್ದು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ನಡೆಸುತ್ತಿದ್ದ ಸ್ಟಾರ್‌ಫೈಟರ್. ಅದು ಶಬ್ದಕ್ಕಿಂತ ಎರಡು ಪಟ್ಟು ವೇಗದ ಅಮೆರಿಕನ್ ವಿಮಾನ. ಮಿಸ್ಟೇರ್ ಫ್ರಾನ್ಸಿನದು, ಒಂದು ತಲೆಮಾರು ಹಳೆಯದು. ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಅಮ್ಜದ್ ಹೊಡೆದ ಗುಂಡು ದೇವಯ್ಯನವರ ವಿಮಾನಕ್ಕೆ ತಗುಲಿತು. ಇವನ ಕತೆ ಮುಗಿಯಿತೆಂದು ಆತ ಬೇರೆ ಗುರಿಯತ್ತ ತಿರುಗಿದ. ಪೆಟ್ಟು ತಿಂದ ವಿಮಾನವನ್ನೇ ಹಿಡಿದುಕೊಂಡು ದೇವಯ್ಯ ಅವನ ಮೇಲೆ ಬಿದ್ದರು. ಸ್ಟಾರ್‌ಫೈಟರ್ ಉರುಳಿತು, ಅಮ್ಜದ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡ. ದೇವಯ್ಯ ಮರಳಲಿಲ್ಲ.

ಆದಂಪುರದಲ್ಲಿ ಕಾಯುತ್ತಿದ್ದವರಿಗೆ ಇದು ಯಾವುದೂ ತಿಳಿಯಲಿಲ್ಲ. ಕಣ್ಣಾರೆ ಕಂಡು ಬಂದು ಹೇಳುವವರಿರಲಿಲ್ಲ. ದಾಖಲೆಯಲ್ಲಿ ಅವರು 'ಕಾರ್ಯಾಚರಣೆಯಲ್ಲಿ ಕಾಣೆ'ಯಾದವರ ಪಟ್ಟಿಗೆ ಸೇರಿದರು. ಸತ್ಯ ಇದ್ದದ್ದು ಎದುರಾಳಿಯ ಕಪಾಟಿನಲ್ಲಿ. ಪಾಕಿಸ್ತಾನ ವಾಯುಪಡೆಯ ನೆರವು ಪಡೆದು 1965ರ ವಾಯುಯುದ್ಧದ ಮೇಲೆ ಪುಸ್ತಕ ಬರೆದ ಬ್ರಿಟಿಷ್ ಪತ್ರಕರ್ತ ಜಾನ್ ಫ್ರಿಕರ್, ಒಂದು ಮಿಸ್ಟೇರ್ ತಿರುಗಿಬಿದ್ದು ಸ್ಟಾರ್‌ಫೈಟರನ್ನು ಕೆಡವಿದ ವಿವರವನ್ನು 1979ರಲ್ಲಿ ಅಚ್ಚುಹಾಕಿದ. ಭಾರತದಲ್ಲಿ ಓದಿದವರು ಲೆಕ್ಕ ಹಾಕಿದರು. ಆ ಮಿಸ್ಟೇರ್ ದೇವಯ್ಯನವರದಲ್ಲದೆ ಬೇರೆಯವರದಾಗಿರಲು ಸಾಧ್ಯವಿರಲಿಲ್ಲ. ತನೇಜಾ ಅವರಂಥ ಹಳೆಯ ಸಹೋದ್ಯೋಗಿಗಳು ಪತ್ರ ಬರೆದರು, ಕಡತ ಮತ್ತೆ ತೆರೆಯಿತು. 1988ರಲ್ಲಿ, ಘಟನೆ ನಡೆದು 23 ವರ್ಷಗಳ ಮೇಲೆ, ಮಹಾವೀರ ಚಕ್ರ ಅವರ ಪತ್ನಿಯ ಕೈಗೆ ಬಂತು. ಮಡಿಕೇರಿಯಲ್ಲಿ ಇಂದು ದೇವಯ್ಯನವರ ಹೆಸರಿನ ವೃತ್ತವಿದೆ. 2025ರಲ್ಲಿ ಬಂದ 'ಸ್ಕೈ ಫೋರ್ಸ್' ಹಿಂದಿ ಚಿತ್ರಕ್ಕೂ ಈ ಘಟನೆಯೇ ಪ್ರೇರಣೆ. ಚಿತ್ರ ನೋಡಿದವರಿಗೆ ಆಕಾಶದ ಕಾದಾಟ ನೆನಪಿರುತ್ತದೆ. ಕಾದಾಟ ಮುಗಿದದ್ದು ಕೆಲವೇ ನಿಮಿಷಗಳಲ್ಲಿ, ಅದು ಕಾಗದಕ್ಕೆ ಏರಲು ಹಿಡಿದದ್ದು ಎರಡು ದಶಕ.

ಇಲ್ಲಿ ಪದಕಗಳಲ್ಲಿ ಎರಡು ಬಗೆ ಇವೆ ಎಂಬುದನ್ನು ತಿಳಿದುಕೊಳ್ಳಬೇಕು. ಶೌರ್ಯಪದಕಕ್ಕೆ ಮೇಲಧಿಕಾರಿಯ ಶಿಫಾರಸು ಬೇಕು, ಸಾಕ್ಷಿ ಬೇಕು, ಸರ್ಕಾರದ ಒಪ್ಪಿಗೆ ಬೇಕು. ಸೇವಾಪದಕ ಹಾಗಲ್ಲ. ಇಂತಿಂಥ ಕಾಲದಲ್ಲಿ ಇಂತಿಂಥ ಕಡೆ ಇದ್ದವನಿಗೆ ಅದು ಹಕ್ಕಾಗಿ ಸಲ್ಲುತ್ತದೆ. 1971ರ ಯುದ್ಧದ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ ಪದಕ, 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಸಂದ ಸ್ವಾತಂತ್ರ್ಯ ರಜತೋತ್ಸವದ ಪದಕ, ಒಂಬತ್ತು ವರ್ಷ, ಇಪ್ಪತ್ತು ವರ್ಷದ ದೀರ್ಘಸೇವಾ ಪದಕ, ಎಲ್ಲವೂ ಈ ಬಗೆಯವು. ಮನೆಗಳಲ್ಲಿ ಏಳುವ ಗೊಂದಲದಲ್ಲಿ ಹೆಚ್ಚಿನದು ಇವೆರಡನ್ನೂ ಒಂದೇ ಅರ್ಜಿಯಲ್ಲಿ ತುರುಕುವುದರಿಂದ ಹುಟ್ಟುತ್ತದೆ. "ನಮ್ಮ ತಂದೆಗೆ ವೀರಚಕ್ರ ಕೊಡಬೇಕಿತ್ತು" ಎಂಬುದು ಬೇರೆ ವಾದ. "ನಮ್ಮ ತಂದೆ 1971ರ ಡಿಸೆಂಬರಿನಲ್ಲಿ ಪೂರ್ವದ ಗಡಿಯಲ್ಲಿದ್ದರು, ಪೂರ್ವಿ ಸ್ಟಾರ್ ದಾಖಲೆಯಲ್ಲಿಲ್ಲ" ಎಂಬುದು ಬೇರೆ. ಎರಡನೆಯದಕ್ಕೆ ಯಾರ ಕೃಪೆಯೂ ಬೇಕಿಲ್ಲ, ರುಜುವಾತು ಸಾಕು.

ಭಾರತೀಯ ಸೇನೆಯಲ್ಲಿ ಸಿಪಾಯಿಯ ಬದುಕಿನ ಪ್ರತಿಯೊಂದು ಬದಲಾವಣೆಯೂ, ರಜೆ, ಮದುವೆ, ಮಗು, ಬಡ್ತಿ, ಪದಕ, 'ಪಾರ್ಟ್ ಟು ಆರ್ಡರ್' ಎಂಬ ಪ್ರಕಟಣೆಯಲ್ಲಿ ಬರಬೇಕು. ಅಲ್ಲಿಂದ ರೆಕಾರ್ಡ್ ಆಫೀಸಿನ ದಾಖಲೆಗೆ, ಅಲ್ಲಿಂದ ಡಿಸ್ಚಾರ್ಜ್ ಬುಕ್ಕಿಗೆ. ಪಲ್ಟನ್ ಗಡಿಯಲ್ಲಿರುವಾಗ ಗುಮಾಸ್ತ ಒಂದು ಹೆಸರು ಬಿಟ್ಟರೆ, ಅಥವಾ ಯೋಧ ಆಸ್ಪತ್ರೆಯಲ್ಲಿದ್ದಾಗ ಪಟ್ಟಿ ತಯಾರಾದರೆ, ಆ ಖಾಲಿ ಜಾಗ ಮುಂದಿನ ಎಲ್ಲ ಕಾಗದಗಳಿಗೂ ಇಳಿದುಬರುತ್ತದೆ. ನಿವೃತ್ತಿಯ ದಿನ ಯಾರೂ ಡಿಸ್ಚಾರ್ಜ್ ಬುಕ್ಕನ್ನು ಅಕ್ಷರ ಬಿಡದೆ ಓದುವುದಿಲ್ಲ. ಊರಿನ ಬಸ್ಸು ಹಿಡಿಯುವ ಅವಸರ.

ಶೌರ್ಯಪದಕದ ವಿಷಯದಲ್ಲಿ ಹಣದ ಲೆಕ್ಕವೂ ಇದೆ. ಮಹಾವೀರ ಚಕ್ರಕ್ಕೆ 2017ರ ಆಗಸ್ಟಿನಿಂದ ಕೇಂದ್ರ ಸರ್ಕಾರ ಕೊಡುತ್ತಿರುವ ಭತ್ಯೆ ತಿಂಗಳಿಗೆ 10,000 ರೂಪಾಯಿ. ಪತಿಯನ್ನು ಕಳೆದುಕೊಂಡ ಹಳ್ಳಿಯ ತಾಯಿಗೆ ಇದು ಸಣ್ಣ ಮೊತ್ತವಲ್ಲ.

ದಾಖಲೆ ಸುಟ್ಟೇ ಹೋದರೆ ಏನು ಗತಿ? ಅಮೆರಿಕದಲ್ಲಿ ಹಾಗೆಯೇ ಆಯಿತು. 1973ರ ಜುಲೈ 12ರಂದು ಸೇಂಟ್ ಲೂಯಿಸ್ ನಗರದ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು 1.6 ಕೋಟಿಯಿಂದ 1.8 ಕೋಟಿ ಕಡತಗಳು ನಾಶವಾದವು. 1912ರಿಂದ 1960ರವರೆಗೆ ಬಿಡುಗಡೆಯಾದ ಭೂಸೇನೆಯವರ ದಾಖಲೆಗಳಲ್ಲಿ ನೂರಕ್ಕೆ ಎಂಬತ್ತು ಪಾಲು ಬೂದಿ. ಆದರೂ ಅಲ್ಲಿನವರು ಕೈಚೆಲ್ಲಲಿಲ್ಲ. ಸಂಬಳದ ಪಟ್ಟಿ, ಆಸ್ಪತ್ರೆಯ ದಾಖಲೆ, ದಳದ ದಿನವಹಿ ಇವನ್ನೆಲ್ಲ ಜೋಡಿಸಿ ಸೇವೆಯನ್ನು ಮತ್ತೆ ಕಟ್ಟಿಕೊಡುತ್ತಾರೆ. ತಿದ್ದುಪಡಿಗೆ ಅಲ್ಲಿ ಪ್ರತ್ಯೇಕ ಮಂಡಳಿ ಇದೆ. ತಪ್ಪು ಗೊತ್ತಾದ ಮೂರು ವರ್ಷದೊಳಗೆ ಅರ್ಜಿ ಹಾಕಬೇಕೆಂದು ನಿಯಮ, ನ್ಯಾಯಕ್ಕಾಗಿ ಆ ಗಡುವನ್ನು ಮಂಡಳಿ ಮನ್ನಿಸಬಹುದು. ಆಸ್ಟ್ರೇಲಿಯದ ನಾವಿಕ ಟೆಡ್ಡಿ ಶೀನ್‌ಗೆ 1942ರ ಡಿಸೆಂಬರ್ 1ರ ಸಾಹಸಕ್ಕೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿದ್ದು 2020ರಲ್ಲಿ. ಕಾಲ ಮೀರಿತು ಎಂಬುದು ಕಚೇರಿಗಳ ಮಾತು, ಕಡೆಯ ಮಾತಲ್ಲ.

ಸಭಿಕರೇ, ಈಗ ನಾವು ಕೂತಿರುವ ನೆಲದ ಮಾತು.

1914ರ ನವೆಂಬರ್ ಮೊದಲ ವಾರ, ಇಲ್ಲಿಂದ ದಕ್ಷಿಣಕ್ಕೆ, ಅಂದಿನ ಜರ್ಮನ್ ಪೂರ್ವ ಆಫ್ರಿಕದ ಟಾಂಗಾ ಬಂದರಿನಲ್ಲಿ ಭಾರತದಿಂದ ಬಂದ ಪಡೆ ಇಳಿಯಿತು. ಅದರ ಎರಡು ಬ್ರಿಗೇಡುಗಳಲ್ಲಿ ಒಂದು 27ನೇ ಬೆಂಗಳೂರು ಬ್ರಿಗೇಡ್. ಸುಮಾರು ಎಂಟು ಸಾವಿರ ಜನರ ಪಡೆ ಜರ್ಮನ್ ಲೆಫ್ಟಿನೆಂಟ್ ಕರ್ನಲ್ ಲೆಟ್ಟೊ ಫೊರ್ಬೆಕ್‌ನ ಸಾವಿರ ಚಿಲ್ಲರೆ ಸೈನಿಕರ ಎದುರು ಸೋತು ಹಡಗು ಹತ್ತಿತು. ಬೆಂಗಳೂರು ಎಂಬ ಹೆಸರು ಕಂಡು ಅದರಲ್ಲಿದ್ದವರನ್ನೆಲ್ಲ ಕನ್ನಡಿಗರನ್ನಾಗಿ ಮಾಡುವುದು ಬೇಡ. ಆ ಬ್ರಿಗೇಡಿನಲ್ಲಿ ಇಂಗ್ಲೆಂಡಿನ ಲ್ಯಾಂಕಾಶೈರಿನವರೂ ಇದ್ದರು, ಪಾಳಯಂಕೋಟೆಯ ಹೆಸರಿನ ಪಲ್ಟನ್ನೂ ಇತ್ತು. ಜೊತೆಗೆ ಬಂದದ್ದು ಮದ್ರಾಸಿನ 61ನೇ ಪಯೋನಿಯರ್ ಪಡೆ. ಬೆಂಗಳೂರಿನ ಬ್ರಿಗೇಡ್ ರಸ್ತೆ ರೆಸಿಡೆನ್ಸಿ ರಸ್ತೆಯನ್ನು ಸೇರುವಲ್ಲಿ ನಿಂತಿರುವ ಕಲ್ಲಿನ ಸ್ತಂಭ ಈ ಮದ್ರಾಸ್ ಪಯೋನಿಯರ್‌ಗಳ ಸ್ಮಾರಕ. ಅದರ ಪಕ್ಕದಲ್ಲಿ ಆಟೊಗೆ ಕಾಯುವವರಲ್ಲಿ ಎಷ್ಟು ಜನ ತಲೆಯೆತ್ತಿ ನೋಡುತ್ತಾರೋ!

ಪಯೋನಿಯರ್ ಪಡೆಗಳನ್ನು ಬ್ರಿಟಿಷರು 1933ರಲ್ಲಿ ವಿಸರ್ಜಿಸಿದರು. ಪಲ್ಟನ್ನೇ ಇಲ್ಲವಾದ ಮೇಲೆ ಅದರ ಸಿಪಾಯಿಯ ಮೊಮ್ಮಗ ಯಾವ ಬಾಗಿಲು ತಟ್ಟಬೇಕು? ಪಂಜಾಬಿನವರಿಗೆ ಒಂದು ಬಾಗಿಲು ತೆರೆಯಿತು. ಮೊದಲ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ ಸುಮಾರು 3,20,000 ಪಂಜಾಬಿ ಸೈನಿಕರ ವಿವರಗಳಿದ್ದ ರಿಜಿಸ್ಟರುಗಳು ಲಾಹೋರ್ ವಸ್ತುಸಂಗ್ರಹಾಲಯದಲ್ಲಿ ದೂಳು ಹಿಡಿದು ಬಿದ್ದಿದ್ದವು. 2021ರ ನವೆಂಬರಿನಲ್ಲಿ ಅವು ಸಾರ್ವಜನಿಕರಿಗೆ ದೊರೆಯತೊಡಗಿದವು, ಹಳ್ಳಿಯ ಹೆಸರು ಹಾಕಿ ಅಜ್ಜಂದಿರನ್ನು ಹುಡುಕುವುದು ಸಾಧ್ಯವಾಯಿತು. ದಕ್ಷಿಣದ ಪಡೆಗಳಿಗೂ ಅಂಥ ಕೆಲಸ ಆಗಬೇಕು.

ಇನ್ನು ಈ ನೆಲದವರ ಪಾಡು ಅದಕ್ಕಿಂತ ಕೆಟ್ಟದು. ಪೂರ್ವ ಆಫ್ರಿಕದ ಆ ಯುದ್ಧದಲ್ಲಿ ತುಪಾಕಿ ಹಿಡಿದವರಿಗಿಂತ ಹೊರೆ ಹೊತ್ತವರೇ ಹೆಚ್ಚು ಸತ್ತರು. ಆ ಹೊರೆಯಾಳುಗಳ ಕ್ಯಾರಿಯರ್ ಕೋರ್‌ನ ಶಿಬಿರವಿದ್ದ ಜಾಗ ಇಂದು ನಮ್ಮಲ್ಲಿ ಹಲವರು ಬುಟ್ಟಿ, ಚಪ್ಪಲಿ ಕೊಳ್ಳಲು ಹೋಗುವ ಕರಿಯೊಕೊರ್ ಮಾರುಕಟ್ಟೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ 2021ರ ಏಪ್ರಿಲ್‌ನಲ್ಲಿ ತನ್ನ ತಪ್ಪನ್ನು ತಾನೇ ಒಪ್ಪಿಕೊಂಡಿತು. ಮೊದಲ ಮಹಾಯುದ್ಧದಲ್ಲಿ ಮಡಿದವರಲ್ಲಿ ಕನಿಷ್ಠ 1,16,000, ಬಹುಶಃ 3,50,000ದವರೆಗೆ ಜನರ ಹೆಸರುಗಳನ್ನು ಎಲ್ಲೂ ಕೆತ್ತಲಿಲ್ಲ, ಇಲ್ಲವೇ ಅವರನ್ನು ಸ್ಮರಿಸಲೇ ಇಲ್ಲ ಎಂದು ಅದರ ವರದಿ ಹೇಳಿತು. ಅವರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕದವರು, ಈಜಿಪ್ಟಿನವರು. ಹೆಸರೇ ಬರೆದಿಡದವನಿಗೆ ಪದಕದ ಮಾತೆಲ್ಲಿ?

ಎರಡನೇ ಮಹಾಯುದ್ಧದಲ್ಲಿ ಕೆನ್ಯಾದ ಸೈನಿಕರೂ ಭಾರತದ ಸೈನಿಕರೂ ಒಂದೇ 14ನೇ ಸೇನೆಯಲ್ಲಿದ್ದರು. 1944ರ ಮಳೆಗಾಲದಲ್ಲಿ ಬರ್ಮಾದ ಕಬಾವ್ ಕಣಿವೆಯ ಕೆಸರಿನಲ್ಲಿ ಜಪಾನೀಯರನ್ನು ಚಿಂದ್ವಿನ್ ನದಿಯತ್ತ ಅಟ್ಟಿದ್ದು 11ನೇ ಪೂರ್ವ ಆಫ್ರಿಕ ಡಿವಿಜನ್. ಅರಕಾನ್ ಕಡೆ ಬ್ರಿಗೇಡ್ ನಡೆಸಿದವರು ಮಡಿಕೇರಿಯ ತಿಮ್ಮಯ್ಯ. ಮುಂದೆ ಬ್ರಿಟಿಷರ ವಿರುದ್ಧದ ಮಾವ್ ಮಾವ್ ಹೋರಾಟದಲ್ಲಿ ಜನರಲ್ ಚೀನಾ ಎಂದು ಹೆಸರಾದ ವರುಹಿಯು ಇಟೋಟೆ ಕೂಡ ಬರ್ಮಾದಲ್ಲಿ ಕಾರ್ಪೊರಲ್ ಆಗಿದ್ದವನೇ. ಪೂರ್ವ ಆಫ್ರಿಕದವರ ಪಡೆಯಾದ ಕಿಂಗ್ಸ್ ಆಫ್ರಿಕನ್ ರೈಫಲ್ಸ್‌ನ ಸಾರ್ಜೆಂಟ್ ನೈಜೆಲ್ ಲೀಕಿ 1941ರ ಮೇ ತಿಂಗಳಲ್ಲಿ ಇಥಿಯೋಪಿಯಾದಲ್ಲಿ ಶತ್ರುಟ್ಯಾಂಕಿನ ಮೇಲೆ ಹಾರಿ ಹೋರಾಡಿ ಮಡಿದ. ಅವನಿಗೆ ವಿಕ್ಟೋರಿಯಾ ಕ್ರಾಸ್ ಘೋಷಣೆಯಾದದ್ದು 1945ರ ನವೆಂಬರಿನಲ್ಲಿ. ಹೆಸರಾಂತ ಬಿಳಿಯ ಕುಟುಂಬದವನಿಗೇ ನಾಲ್ಕು ವರ್ಷ ಹಿಡಿಯಿತು. ಕಾಕಮೇಗದ ಹಳ್ಳಿಯೊಂದರ ಅಸ್ಕರಿಯ, ಅಂದರೆ ಆಫ್ರಿಕನ್ ಸಿಪಾಯಿಯ, ಅರ್ಜಿ ಎಷ್ಟು ದೂರ ಸಾಗಿದ್ದೀತು, ಊಹಿಸಿಕೊಳ್ಳಿ.

ನಿಜವಾದ ಯೋಧರಿಗೆ ದಾಖಲೆ ಸಿಗದ ಇದೇ ಪ್ರದೇಶದಲ್ಲಿ ದಾಖಲೆಯೇ ಬೇಡವೆಂದವನೊಬ್ಬನಿದ್ದ. ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ತಾನು ಬರ್ಮಾದಲ್ಲಿ ಕಾದಾಡಿದವನೆಂದು ಹೇಳಿಕೊಂಡ. ಅವನು ಕಿಂಗ್ಸ್ ಆಫ್ರಿಕನ್ ರೈಫಲ್ಸ್ ಸೇರಿದ್ದು 1946ರಲ್ಲಿ, ಯುದ್ಧ ಮುಗಿದ ಮೇಲೆ. ಪದಕಗಳನ್ನು ತನಗೆ ತಾನೇ ಕೊಟ್ಟುಕೊಂಡು ಅಂಗಿಯ ತುಂಬ ತೂಗಿಸಿಕೊಂಡ. 1972ರಲ್ಲಿ ದೇಶ ಬಿಡಲು ಅವನಿಂದ 90 ದಿನಗಳ ಗಡುವು ಪಡೆದು ಕಂಪಾಲ ಬಿಟ್ಟುಬಂದ ಮನೆಗಳವರಿಗೆ ಆ ಅಂಗಿಯ ನೆನಪು ಮಾಸಿರಲಾರದು. ರೆಕಾರ್ಡ್ ಆಫೀಸಿನವರು ರುಜುವಾತು ಕೇಳಿದಾಗ ಸಿಟ್ಟಾಗುವ ಮೊದಲು ಈ ಮನುಷ್ಯನನ್ನು ನೆನೆಸಿಕೊಳ್ಳುವುದು ಒಳ್ಳೆಯದು. ಕಟ್ಟುನಿಟ್ಟು ಬೇಕು. ಕಟ್ಟುನಿಟ್ಟಿನ ಹೆಸರಿನಲ್ಲಿ ಕಡತ ಮುಚ್ಚಿಡುವುದು ಬೇಡ.

ಮುಚ್ಚಿಟ್ಟ ಕಡತಕ್ಕೂ ಕೆನ್ಯಾವೇ ನಿದರ್ಶನ. ಮಾವ್ ಮಾವ್ ಕಾಲದಲ್ಲಿ ಚಿತ್ರಹಿಂಸೆ ಅನುಭವಿಸಿದ ಮುದುಕರು ಲಂಡನ್ನಿನ ನ್ಯಾಯಾಲಯಕ್ಕೆ ಹೋದಾಗ, ವಸಾಹತು ಆಡಳಿತ ಹೊರಡುವಾಗ ಹೊತ್ತೊಯ್ದಿದ್ದ ಸುಮಾರು 1,500 ಕಡತಗಳು ಹ್ಯಾನ್ಸ್‌ಲೋಪ್ ಪಾರ್ಕ್ ಎಂಬಲ್ಲಿಂದ 2011ರಲ್ಲಿ ಹೊರಬಂದವು. 2013ರಲ್ಲಿ 5,228 ಮಂದಿಗೆ ಬ್ರಿಟನ್ ಪರಿಹಾರ ಕೊಟ್ಟಿತು. ಕಾಗದವಿಲ್ಲ ಎಂದವರ ಕಪಾಟಿನಲ್ಲೇ ಕಾಗದವಿತ್ತು. ಭಾರತದಲ್ಲೂ ಯುದ್ಧದ ಅಧಿಕೃತ ವರದಿಯೇ ತಪ್ಪೆಂದು ತೀರ್ಮಾನವಾದದ್ದುಂಟು. ಕಾರ್ಗಿಲ್ ಯುದ್ಧದ ಬಟಾಲಿಕ್ ಕದನದಲ್ಲಿ ಬ್ರಿಗೇಡಿಯರ್ ದೇವಿಂದರ್ ಸಿಂಗ್ ಅವರ ಪಾತ್ರವನ್ನು ಪಕ್ಷಪಾತದಿಂದ ದಾಖಲಿಸಲಾಗಿದೆ, ಅದನ್ನು ಸರಿಪಡಿಸಿ ಎಂದು ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2010ರ ಮೇ ತಿಂಗಳಲ್ಲಿ ಹೇಳಿತು. 2007ರ ಕಾಯ್ದೆಯಿಂದ ಹುಟ್ಟಿದ ಈ ನ್ಯಾಯಮಂಡಳಿಯ ಬಾಗಿಲು ಬ್ರಿಗೇಡಿಯರನಿಗೆ ತೆರೆದಂತೆ ಸಿಪಾಯಿಗೂ ತೆರೆದಿದೆ. ಆದರೆ ಅದು ಕೊನೆಯ ಬಾಗಿಲು. ಮೊದಲು ತಟ್ಟಬೇಕಾದದ್ದು ರೆಕಾರ್ಡ್ ಆಫೀಸನ್ನು.

ಆದ್ದರಿಂದ ಈ ಪೀಠದ ಕೋರಿಕೆ ಇಷ್ಟು. ಊರಿಗೆ ಹೋದಾಗ ಟ್ರಂಕಿನಲ್ಲಿರುವ ಡಿಸ್ಚಾರ್ಜ್ ಬುಕ್ಕನ್ನು ತೆಗೆದು, ತಂದೆಯವರನ್ನೋ ದೊಡ್ಡಪ್ಪನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಯಾವ ವರ್ಷ ಯಾವ ಗಡಿಯಲ್ಲಿದ್ದರು, ಕಮಾಂಡರ್ ಯಾರು, ಜೊತೆಗಿದ್ದವರಲ್ಲಿ ಬದುಕಿರುವವರು ಯಾರು ಎಂದು ಬರೆದುಕೊಳ್ಳಿ. ಪದಕವಿದ್ದರೆ ಅದರ ಅಂಚು ನೋಡಿ. ಸಂಖ್ಯೆ, ಹೆಸರು ಅಲ್ಲಿ ಕೊರೆದಿದ್ದರೆ ಫೋಟೊ ತೆಗೆದಿಡಿ. ಕೆನ್ಯಾದ ಗೆಳೆಯರಿಗೂ ಇದನ್ನು ಹೇಳಿ. ಆದರೆ ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಕೊಟ್ಟ ಸ್ಟಾರುಗಳ ಮೇಲೆ ಹೆಸರಿರುವುದಿಲ್ಲ, ಅವರಿಗೆ ಪದಕದ ಜೊತೆ ಕಾಗದವೂ ಬೇಕು. ಸೇವಾ ಸಂಖ್ಯೆ, ದರ್ಜೆ, ಪಲ್ಟನ್ ಬರೆದು, ಬಿಟ್ಟುಹೋದ ಒಂದೊಂದು ಪದಕಕ್ಕೂ ಒಂದೊಂದು ರುಜುವಾತು ಲಗತ್ತಿಸಿ ರೆಕಾರ್ಡ್ ಆಫೀಸಿಗೆ ಅರ್ಜಿ ಕಳಿಸಿ, ಒಂದು ಪ್ರತಿಯನ್ನು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಕೊಡಿ. ಮೂಲ ಕಾಗದವನ್ನು ಯಾರ ಕೈಗೂ ಕೊಡಬೇಡಿ.

1971ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಅವರು ಸಾಕ್ಷಿ ಹೇಳಬಲ್ಲ ಸ್ಥಿತಿಯಲ್ಲಿರುವಾಗಲೇ ಅರ್ಜಿ ಹೋಗಬೇಕು. ಮುಂದಿನ ಸಮಾವೇಶಕ್ಕೆ ಬರುವಾಗ ಆ ಅರ್ಜಿಯ ಸ್ವೀಕೃತಿ ಚೀಟಿಯನ್ನು ತನ್ನಿ.