ಕಡಲೆ ಬೇರಿನ ಕೆಂಪು ಗಂಟು

ಸವದತ್ತಿ, ರಾಮದುರ್ಗದ ಎರೆ ಹೊಲಗಳಲ್ಲಿ ಹಿಂಗಾರಿ ಕಡಲೆ ಹೂವಿಗೆ ಬಂದಾಗ ಒಂದು ಗಿಡವನ್ನು ಮಣ್ಣುಸಮೇತ ಅಗೆದು, ಬೇರು ತೊಳೆದು ನೋಡಬೇಕು. ಸಣ್ಣ ಗಂಟುಗಳಿರುತ್ತವೆ. ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪಿದ್ದರೆ ಬ್ಯಾಕ್ಟೀರಿಯಾ ದುಡಿಯುತ್ತಿವೆ. ಬಿಳಿ ಅಥವಾ ಹಸಿರಿದ್ದರೆ ಕೆಲಸ ನಡೆದಿಲ್ಲ.

ಆ ಕೆಂಪು ಲೆಗ್‌ಹಿಮೋಗ್ಲೋಬಿನ್‌ನದು, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಂಧು. ಗಾಳಿಯ ಸಾರಜನಕವನ್ನು ಸಸ್ಯದ ಆಹಾರವಾಗಿಸುವ, ಈ ಬ್ಯಾಕ್ಟೀರಿಯಾದೊಳಗಿನ ನೈಟ್ರೋಜಿನೇಸ್ ಕಿಣ್ವ ಆಮ್ಲಜನಕ ತಗುಲಿದರೆ ಕೆಡುತ್ತದೆ. ಲೆಗ್‌ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದಿಟ್ಟು ಆ ಕಿಣ್ವವನ್ನು ಕಾಯುತ್ತದೆ. ಗೊಬ್ಬರದ ಕಾರ್ಖಾನೆಗೆ ಇದೇ ಕೆಲಸಕ್ಕೆ 400 ಡಿಗ್ರಿಗೂ ಹೆಚ್ಚಿನ ಶಾಖ, ಭಾರಿ ಒತ್ತಡ ಬೇಕು. 1888ರಲ್ಲಿ ನೆದರ್ಲೆಂಡ್ಸ್‌ನ ಬೈಜರಿಂಕ್ ಈ ಬ್ಯಾಕ್ಟೀರಿಯಾವನ್ನು ಬೇರುಗಂಟಿನಿಂದ ಬೇರ್ಪಡಿಸಿ ಬೆಳೆಸಿದರು.

ಎಲ್ಲ ಬೇರಿಗೂ ಒಂದೇ ಬ್ಯಾಕ್ಟೀರಿಯಾ ಒಗ್ಗುವುದಿಲ್ಲ. ಕಡಲೆಗೆ ಮೀಸೋರೈಜೋಬಿಯಂ ಬೇಕು. ತಲೆಮಾರುಗಳಿಂದ ಕಡಲೆ ಬಿತ್ತಿದ ಎರೆಯಲ್ಲಿ ಅದು ನೆಲೆಸಿರುತ್ತದೆ. ಬೈಲಹೊಂಗಲ, ಕಿತ್ತೂರಿನ ಮುಂಗಾರಿಗೆ ಬಂದ ಸೋಯಾಬೀನ್ ಚೀನಾ ಮೂಲದ ಬೆಳೆ, ಅದರ ಜೊತೆಗಾರ ಬ್ರಾಡಿರೈಜೋಬಿಯಂ. ಸೋಯಾ ಕಾಣದ ಹೊಲದಲ್ಲಿ ಅದು ಸಾಕಷ್ಟಿರುವುದಿಲ್ಲ. ಅದಕ್ಕೇ ಬೆಲ್ಲದ ಪಾಕದಲ್ಲಿ ಆ ಬ್ಯಾಕ್ಟೀರಿಯಾದ ಜೀವಾಣು ಗೊಬ್ಬರ ಕಲಸಿ ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿ, ಅಂದೇ ಬಿತ್ತಬೇಕು. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ಜೀವಾಣು ಕೊನೆಗೆ.

ಈ ಬ್ಯಾಕ್ಟೀರಿಯಾಗಳ ಸಂಖ್ಯೆ, ಕೆಲಸ ಎರಡೂ ಮಣ್ಣಿನ ಸ್ಥಿತಿಯಂತೆ ಏರಿಳಿಯುತ್ತವೆ.

ಎರೆಯ ಜಿಗುಟು ಕಣಗಳು ಬೇಸಿಗೆಯ ಒಣಗಿನಿಂದ ಬ್ಯಾಕ್ಟೀರಿಯಾಕ್ಕೆ ಒಂದಿಷ್ಟು ರಕ್ಷಣೆ ಕೊಡುತ್ತವೆ; ಮೇಲ್ಮಣ್ಣು ಕಾದರೆ ಅಲ್ಲಿನವು ಸಾಯುತ್ತವೆ. ಮಳೆ ಹೆಚ್ಚಿರುವ ಪಡುವಣ ಅಂಚಿನ ಕೆಂಪು ನೆಲದಲ್ಲಿ ಹುಳಿ ಏರಿದರೆ ಕಿಣ್ವಕ್ಕೆ ಬೇಕಾದ ಮಾಲಿಬ್ಡಿನಂ ಬೇರಿಗೆ ದಕ್ಕುವುದು ಕಡಿಮೆ. ನವಿಲುತೀರ್ಥದ ಅಣೆಕಟ್ಟಿನಿಂದ ಬರುವ ಮಲಪ್ರಭೆಯ ನೀರು ಹೊಲದಲ್ಲಿ ನಿಂತು ಜೌಗಾದರೆ ಗಂಟುಗಳಿಗೆ ಉಸಿರಿಲ್ಲ, ಸವಳಾದರೆ ಬಾಳಿಲ್ಲ.

ಯೂರಿಯಾ ಅತಿಯಾದಾಗಲೂ ಗಂಟು ಕಟ್ಟುವುದು ಕುಗ್ಗುತ್ತದೆ. ಬ್ಯಾಕ್ಟೀರಿಯಾವನ್ನು ಸಾಕಲು ಗಿಡ ತನ್ನ ಸಕ್ಕರೆ ಖರ್ಚು ಮಾಡಬೇಕು. ಸಾರಜನಕ ಮಣ್ಣಲ್ಲೇ ಸಿಕ್ಕರೆ ಅದು ಆ ಖರ್ಚಿಗೆ ಇಳಿಯದು. ಬ್ರೆಜಿಲ್‌ನ ಮಣ್ಣು ವಿಜ್ಞಾನಿ ಯೋಹಾನ್ನಾ ಡೋಬರೈನರ್ ಗಿಡ-ಬ್ಯಾಕ್ಟೀರಿಯಾಗಳ ಈ ನಂಟನ್ನೇ ನಂಬಿ ದುಡಿದರು. ಇಂದು ಅಲ್ಲಿಯ ಸೋಯಾ ಹೊಲಗಳು ಬಹುಮಟ್ಟಿಗೆ ಯೂರಿಯಾ ಇಲ್ಲದೆ ಬೆಳೆಯುತ್ತವೆ.

ಜೋಳ, ಕಬ್ಬಿಗೆ ಬೇರುಗಂಟಿಲ್ಲ. ಅವುಗಳ ಬೇರಿನ ಸುತ್ತ ಅಜೋಸ್ಪಿರಿಲಂ, ಅಜೋಟೋಬ್ಯಾಕ್ಟರ್‌ಗಳು ಅಲ್ಪ ಪ್ರಮಾಣದಲ್ಲಿ ಸಾರಜನಕ ಕೂಡಿಸುತ್ತವೆ. ಅವುಗಳಿಗೆ ಮೇವು ಮಣ್ಣಿನ ಸಾವಯವ ಅಂಶ. ಕಬ್ಬಿನ ರವದಿಗೆ ಬೆಂಕಿ ಇಟ್ಟರೆ ಆ ಮೇವು ಸುಡುತ್ತದೆ. ಸಾಲಿನಲ್ಲೇ ಹೊದಿಸಿದರೆ ತೇವವೂ ಉಳಿಯುತ್ತದೆ. ಹೆಸರುಕಾಯಿ ಬಿಡಿಸಿದ ಮೇಲೆ ಗಿಡವನ್ನು ಹೊಲದಲ್ಲೇ ಮಗುಚಿದರೆ ಅದರ ಸಾರಜನಕದ ಒಂದು ಪಾಲು ಹಿಂಗಾರಿ ಜೋಳಕ್ಕೆ ದಕ್ಕುತ್ತದೆ.